ತಾಯಿಕೋಳಿ ಜೊತೆಗಿದ್ದೂ ಮರಿ ಸೊರಗುತ್ತಿವೆಯಾ? ಮೊದಲು ತಾಯಿಯನ್ನು ನೋಡಿ

ಒಂದು ಸಲ ನಮ್ಮ ಪುಟ್ಟ ಹೇಂಟೆಯೊಂದು 13 ಮರಿ ಮಾಡಿತು. ಕಾವಿಗೆ ಇಟ್ಟಿದ್ದೂ 13 ಮೊಟ್ಟೆ, ಒಡೆದು ಬಂದದ್ದೂ 13. ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಮೂರನೇ ದಿನ ಬೆಳಿಗ್ಗೆ ಗೂಡಿನ ಅಂಚಿನಲ್ಲಿ ಒಂದು ಮರಿ ಸೆಟೆದು ಬಿದ್ದಿತ್ತು. ನಾಲ್ಕನೇ ದಿನ ಇನ್ನೊಂದು. ಹಗಲೆಲ್ಲ ಚುರುಕಾಗಿ ಓಡಾಡುವ ಮರಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ ಅಂದರೆ ರೋಗವೇ ಬಂದಿರಬೇಕು ಅಂದುಕೊಂಡೆ. ನೀರಿಗೆ ಔಷಧ ಬೆರೆಸಿದೆ, ಗೂಡು ತೊಳೆದೆ, ಹೊಟ್ಟು ಬದಲಿಸಿದೆ. ಐದನೇ ದಿನ ಮೂರನೆಯದೂ ಹೋಯಿತು.

ಆ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆ. ಹೇಂಟೆ ಪಾಪ, ರೆಕ್ಕೆ ಎಷ್ಟು ಅಗಲಿಸಬಹುದೋ ಅಷ್ಟು ಅಗಲಿಸಿ ಕೂತಿತ್ತು. ಆದರೂ ಬಾಲದ ಕಡೆ ಎರಡು ಮರಿಗಳ ಮೈ ಮುಕ್ಕಾಲು ಪಾಲು ಹೊರಗೆ. ಒಂದು ಒಳಗೆ ನುಗ್ಗಿದರೆ ಇನ್ನೊಂದು ಹೊರಗೆ ಬೀಳುತ್ತಿತ್ತು. ರೋಗವೂ ಇಲ್ಲ, ಏನೂ ಇಲ್ಲ. ತಾಯಿಯ ಕೆಳಗೆ ಜಾಗ ಸಾಲುತ್ತಿರಲಿಲ್ಲ, ಅಷ್ಟೇ. ಮೂರು ಮರಿಗಳನ್ನು ತೆಗೆದು ಬಲ್ಬ್ ಹಾಕಿದ ಪೆಟ್ಟಿಗೆಯಲ್ಲಿ ಬಿಟ್ಟೆ. ಮಾರನೇ ದಿನದಿಂದ ಸಾವು ನಿಂತಿತು.

ಅವತ್ತಿನಿಂದ ನನಗೊಂದು ಅಭ್ಯಾಸವಾಗಿದೆ. ಮರಿಗೆ ಏನೇ ಆಗಿರಲಿ, ಮೊದಲು ತಾಯಿಯನ್ನು ನೋಡುತ್ತೇನೆ. ಆಮೇಲೆ ಗೂಡು. ಆಮೇಲೆ ಮರಿ. ಔಷಧದ ಡಬ್ಬಿ ಕೊನೆಗೆ. ಹೇಂಟೆಯ ಜೊತೆ ಬೆಳೆಯುವ ಮರಿಗಳ ತೊಂದರೆ ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಔಷಧಕ್ಕೆ ಕೈ ಹಾಕುವ ಮೊದಲು

ಮೂರು ವಿಷಯ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮರಿಗೆ ಎಷ್ಟು ದಿನ? ತೊಂದರೆ ಒಂದಕ್ಕೋ, ಎಲ್ಲಕ್ಕೋ? ಆಗುವುದು ತಾಯಿಯ ಕೆಳಗಿರುವಾಗಲೋ, ಹೊರಗೆ ಓಡಾಡುವಾಗಲೋ?

ಮೊದಲ ನಾಲ್ಕೈದು ದಿನದಲ್ಲಿ ಸಾಯುವ ಮರಿಗಳು ಹೆಚ್ಚಾಗಿ ಚಳಿಗೆ, ತುಳಿತಕ್ಕೆ, ಹೊಕ್ಕುಳಿನ ಸೋಂಕಿಗೆ, ಇಲ್ಲವೇ ನೀರಿನ ಬಟ್ಟಲಿಗೆ ಬಿದ್ದು ಸಾಯುತ್ತವೆ. ರಕ್ತಭೇದಿ ಮಾಡುವ ಜೀವಿಗೆ ಕರುಳಿನಲ್ಲಿ ಬೆಳೆದು ಕಾಣಿಸಿಕೊಳ್ಳಲೇ ಹಲವು ದಿನ ಬೇಕು. ಹಾಗಿರುವಾಗ ಎರಡು ದಿನದ ಮರಿಗೆ ರಕ್ತಭೇದಿಯ ಔಷಧ ಕುಡಿಸುವುದು ಸುಮ್ನೆ ದಂಡ. ಅದೇ ನಾಲ್ಕು ವಾರದ ಮರಿ ಮುದುಡಿ ನಿಂತರೆ ಮೊದಲು ನೆನಪಾಗಬೇಕಾದದ್ದೇ ಆ ರೋಗ.

ಒಂದೇ ಮರಿಗೆ ತೊಂದರೆ ಅಂದರೆ ಪೆಟ್ಟು, ಕಾಲಿನ ದೋಷ ಅಥವಾ ಹುಟ್ಟಿನಿಂದ ಬಂದ ಬಲಹೀನತೆ ಇರಬಹುದು. ಎಲ್ಲಕ್ಕೂ ಒಟ್ಟಿಗೆ ಅಂದರೆ ನೀರು, ಆಹಾರ, ಶಾಖ ಅಥವಾ ಹರಡುವ ರೋಗ. ಮೂರನೇ ಪ್ರಶ್ನೆಯನ್ನು ಜನ ಕೇಳಿಕೊಳ್ಳುವುದೇ ಇಲ್ಲ. ನಾನೂ ಕೇಳಿಕೊಂಡಿರಲಿಲ್ಲ, ಅದಕ್ಕೇ ಮೂರು ಮರಿ ಹೋದವು.

ಇನ್ನು ಕೈಯಿಂದ ಮಾಡುವ ಪರೀಕ್ಷೆ ಎರಡು. ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಮರಿಗೆ ಚಳಿ ಹಿಡಿದಿದೆ, ಬೇರೆಲ್ಲ ಆಮೇಲೆ. ಎರಡನೆಯದು ಸಂಜೆ, ಮರಿಗಳು ತಾಯಿಯ ಕೆಳಗೆ ಸೇರುವ ಹೊತ್ತಿಗೆ. ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ಕಾಳಿನ ಚೀಲ ಇರುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಮೆತ್ತಗಿನ ಉಂಡೆ ಸಿಗಬೇಕು. ಚೀಲ ಖಾಲಿ ಇದ್ದರೆ ಮರಿ ಹಗಲು ಎಷ್ಟೇ ಓಡಾಡಿರಲಿ, ತಿಂದಿಲ್ಲ. ಬೆಳಿಗ್ಗೆ ಖಾಲಿ ಇರುವುದು ಸರಿ, ಸಂಜೆ ಅಲ್ಲ.

ಕಣ್ಣಿಗಿಂತ ಕಿವಿ ಮುಂದು

ಹಾಯಾಗಿರುವ ಮರಿಗಳು ತಾಯಿಯ ಪುಕ್ಕದೊಳಗಿಂದ ಸಣ್ಣ ದನಿಯಲ್ಲಿ ಏನೋ ಹರಟುತ್ತಿರುತ್ತವೆ. ಅದನ್ನು ಒಂದೆರಡು ದಿನ ಕೇಳಿದರೆ ಸಾಕು, ಮರೆಯುವುದಿಲ್ಲ. ಚಳಿ ಹಿಡಿದ, ದಾರಿ ತಪ್ಪಿದ, ಹಸಿದ ಮರಿಯ ಕೂಗು ಬೇರೆ. ಎತ್ತರದ ದನಿಯಲ್ಲಿ, ಬಿಡದೆ, ಒಂದೇ ಸಮನೆ ಚಿಂವ್ ಚಿಂವ್ ಅನ್ನುತ್ತದೆ. ಆ ಕೂಗು ಕೇಳಿದಾಗ ಮರಿಯನ್ನಲ್ಲ, ಹೇಂಟೆಯನ್ನು ನೋಡಿ. ಒಳ್ಳೆಯ ತಾಯಿ ಲೊಕ್ ಲೊಕ್ ಅಂತ ಉತ್ತರ ಕೊಡುತ್ತದೆ, ಆ ಕಡೆಗೆ ಹೋಗುತ್ತದೆ. ಕೇಳಿಯೂ ಕೇಳದ ಹಾಗೆ ಮಣ್ಣು ಕೆದಕುತ್ತಾ ನಿಂತರೆ ದೋಷ ಇರುವುದು ಅಲ್ಲಿ.

ಇನ್ನೊಂದು ಗುರುತು ಇದೆ. ಕಾಳು ಕಂಡಾಗ ತಾಯಿ ಅದನ್ನು ಕೊಕ್ಕಿನಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ, ಅವಸರದಲ್ಲಿ ಕುಕ್ ಕುಕ್ ಕುಕ್ ಅನ್ನುತ್ತದೆ. ಮರಿಗಳು ತಿನ್ನುವುದನ್ನು ಕಲಿಯುವುದೇ ಹೀಗೆ. ಕಾಳು ಹಾಕಿದಾಗ ಕರೆಯದೆ ತಾನೊಂದೇ ಗಬಗಬ ತಿನ್ನುವ ಹೇಂಟೆ ಇನ್ನೂ ತಾಯಿಯಾಗಿಲ್ಲ ಅಂತ ಅರ್ಥ. ಅಥವಾ 21 ದಿನ ಕೂತು ಹಸಿವಿನಿಂದ ಕಂಗೆಟ್ಟಿದೆ. ಹೊಟ್ಟೆ ತುಂಬಿದ ಮೇಲೆ ಮತ್ತೊಮ್ಮೆ ಕಾಳು ಹಾಕಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಮೊಟ್ಟೆ ಒಡೆಯುವ ದಿನದ ಗಲಿಬಿಲಿ

ಕೋಳಿ ಮೊಟ್ಟೆಗೆ 21 ದಿನ. ಒಂದು ದಿನ ಹಿಂದೆ ಮುಂದೆ ಆಗುವುದು ಮಾಮೂಲು. ಮೊದಲ ಬಿರುಕು ಕಂಡಲ್ಲಿಂದ ಮರಿ ಪೂರ್ತಿ ಹೊರಬರಲು 12ರಿಂದ 24 ಗಂಟೆ ಹಿಡಿಯಬಹುದು. ಮಧ್ಯದಲ್ಲಿ ಗಂಟೆಗಟ್ಟಲೆ ಏನೂ ನಡೆಯದ ಹಾಗೆ ಕಾಣುತ್ತದೆ. ನಮ್ಮ ಕೈ ಕಡಿಯುವುದು ಆಗಲೇ. ಸಿಪ್ಪೆ ಬಿಡಿಸಲು ಹೋಗಬೇಡಿ. ಆ ಹೊತ್ತಿನಲ್ಲಿ ಮರಿ ಒಳಪೊರೆಯ ರಕ್ತನಾಳಗಳಿಂದ ರಕ್ತ ಹಿಂತೆಗೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ನಾವು ಕಿತ್ತರೆ ರಕ್ತ ಸೋರುತ್ತದೆ. 24 ಗಂಟೆ ದಾಟಿ, ಪೊರೆ ಒಣಗಿ ಚರ್ಮದ ಹಾಗೆ ಅಂಟಿಕೊಂಡಿದ್ದರೆ ಮಾತ್ರ ಉಗುರು ಬೆಚ್ಚಗಿನ ನೀರಲ್ಲಿ ಬೆರಳು ಅದ್ದಿ ಪೊರೆಯನ್ನು ಒದ್ದೆ ಮಾಡಬಹುದು. ಮರಿಯ ಕೊಕ್ಕಿಗೆ ನೀರು ತಾಗಬಾರದು.

ಹೊರಬಂದ ಮರಿಗೆ ತಕ್ಷಣ ತಿನ್ನಿಸಬೇಕು ಅನ್ನುವ ಆತುರವೂ ಬೇಡ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಎರಡು ದಿನಕ್ಕೆ ಸಾಕಾಗುತ್ತದೆ. ಹೇಂಟೆ ಆ ಎರಡು ದಿನ ಗೂಡು ಬಿಟ್ಟು ಏಳದಿದ್ದರೆ ಅದು ದೋಷವಲ್ಲ, ತಡವಾದ ಮೊಟ್ಟೆಗಳಿಗೆ ಕಾಯುತ್ತಿದೆ. ಮರಿಗಳ ಬಾಯಿಗೆ ಅನ್ನ ಹಾಕುತ್ತೇನೆ ಅಂತ ನಾವು ಎಬ್ಬಿಸಿದರೆ ಒಡೆಯುತ್ತಿರುವ ಮೊಟ್ಟೆ ತಣ್ಣಗಾಗುತ್ತದೆ.

ಅರ್ಧ ಮೊಟ್ಟೆ ಉಳಿದಿರುವಾಗಲೇ ಹೇಂಟೆ ಮರಿಗಳನ್ನು ಕರೆದುಕೊಂಡು ಹೊರಟುಬಿಟ್ಟಿತೇ? ಬೇರೆ ಬೇರೆ ದಿನ ಮೊಟ್ಟೆ ಸೇರಿಸಿದ್ದರೆ ಹೀಗಾಗುತ್ತದೆ. ಕಾವು ಕೂತ ಹೇಂಟೆಯ ಗೂಡಿಗೆ ಬೇರೆ ಕೋಳಿಗಳು ಬಂದು ಮೊಟ್ಟೆ ಇಟ್ಟು ಹೋಗುವುದೂ ಉಂಟು. ಅದಕ್ಕೇ ಮೊದಲ ದಿನವೇ ಮೊಟ್ಟೆಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಗುರುತಿಲ್ಲದ್ದನ್ನು ದಿನವೂ ತೆಗೆಯಬೇಕು. ಬಿಟ್ಟು ಹೋದ ಮೊಟ್ಟೆಯನ್ನು ಎಸೆಯುವ ಮುಂಚೆ ಕಿವಿಗೆ ಹಿಡಿಯಿರಿ. ಒಳಗಿಂದ ಕುಟ್ಟುವ ಸದ್ದು ಅಥವಾ ಸಣ್ಣ ಕೂಗು ಕೇಳಿದರೆ ಬೆಚ್ಚಗೆ ಇಡಿ. ತಣ್ಣಗಾದ ಮೊಟ್ಟೆಯಿಂದಲೂ ಮರಿ ಬಂದದ್ದನ್ನು ನೋಡಿದ್ದೇನೆ.

ಮತ್ತೆ ಇರುವೆ. ಬಿರುಕು ಬಿಟ್ಟ ಮೊಟ್ಟೆಯ ವಾಸನೆಗೆ ಸಾಲುಗಟ್ಟಿ ಬರುತ್ತವೆ, ಹೊರಬರಲಾಗದ ಮರಿಯನ್ನು ಕಚ್ಚಿಯೇ ಕೊಲ್ಲುತ್ತವೆ. ಹೇಂಟೆ ಇದ್ದಕ್ಕಿದ್ದಂತೆ ಎದ್ದು ಕೂತು ಮಾಡುತ್ತಿದ್ದರೆ ಗೂಡಿನ ಕೆಳಗೆ ನೋಡಿ. ಗೂಡಿನ ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟರೆ ಇರುವೆ ಹತ್ತುವುದಿಲ್ಲ. ಮರಿಗಳು ಒಣಗಿ ಓಡಾಡಲು ಶುರು ಮಾಡಿದ ಕೂಡಲೇ ಗೂಡನ್ನು ನೆಲಕ್ಕೆ ಇಳಿಸುವುದನ್ನು ಮರೆಯಬೇಡಿ. ಎತ್ತರದ ಗೂಡಿನಿಂದ ಉರುಳಿ ಬಿದ್ದ ಮರಿ ಮತ್ತೆ ಹತ್ತಲಾರದು, ತಾಯಿ ಅದನ್ನು ಎತ್ತಿ ತರಲಾರದು.

ಬೆಳಿಗ್ಗೆ ಸತ್ತ ಮರಿ ಎಲ್ಲಿ ಬಿದ್ದಿದೆ?

ಬೆಳಿಗ್ಗೆ ಸತ್ತ ಮರಿ ಸಿಕ್ಕರೆ ಕೂಡಲೇ ಎತ್ತಿ ಎಸೆಯಬೇಡಿ. ಅದು ಬಿದ್ದಿರುವ ಜಾಗವೇ ಅರ್ಧ ಕಥೆ ಹೇಳುತ್ತದೆ.

ಗೂಡಿನ ಅಂಚಿನಲ್ಲಿ ಅಥವಾ ಮೂಲೆಯಲ್ಲಿ, ಗಾಯವಿಲ್ಲದೆ, ಮೈ ದುಂಡಗೇ ಇದ್ದು ಸತ್ತಿದ್ದರೆ ಚಳಿ. ನನ್ನ 13 ಮರಿಯ ಕಥೆ ಅದೇ. ಹೇಂಟೆಯ ಮೈ ಸುಮಾರು 41 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಹಾಗಾಗಿ ಕೆಳಗೆ ಸೇರಿಕೊಂಡ ಮರಿಗೆ ಹೊರಗೆ ಎಷ್ಟು ಚಳಿ ಇದ್ದರೂ ಚಿಂತೆಯಿಲ್ಲ. ಸೇರಿಕೊಳ್ಳಲು ಆಗದ ಮರಿಗೆ ಮಾತ್ರ ಕಷ್ಟ. ಸಾಧಾರಣ ಗಾತ್ರದ ಹೇಂಟೆಗೆ 8ರಿಂದ 12 ಮರಿ ಸಾಕು, ಚಿಕ್ಕ ಹೇಂಟೆಗೆ ಐದಾರು. ಮೊದಲ ವಾರ ಎಲ್ಲ ಹಿಡಿಸಿದರೂ ಎರಡನೇ ವಾರಕ್ಕೆ ಮರಿ ದೊಡ್ಡದಾಗಿ ಜಾಗ ಸಾಲದೆ ಹೋಗಬಹುದು. ಅದಕ್ಕೆ ರಾತ್ರಿ ಒಮ್ಮೆ ಟಾರ್ಚ್ ಬಿಟ್ಟು ನೋಡುವುದು ಮೊದಲ ದಿನಕ್ಕಷ್ಟೇ ಅಲ್ಲ. ಹೆಚ್ಚಾದ ಮರಿಗಳನ್ನು ಬಲ್ಬಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಇರಲಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಒಂದೇ ಮರಿಯನ್ನು ಒಂಟಿಯಾಗಿ ಇಡಬೇಡಿ, ಕೂಗಿ ಕೂಗಿಯೇ ಸೊರಗುತ್ತದೆ.

ಗೂಡಿನ ನಡುವೆ ಚಪ್ಪಟೆಯಾಗಿ ಸಿಕ್ಕರೆ ತುಳಿತ. ಬಯ್ಯುವ ಮುಂಚೆ ಗೂಡಿನ ಆಕಾರ ನೋಡಿ. ಬಟ್ಟಲಿನ ಹಾಗೆ ಆಳವಾಗಿದ್ದರೆ ಮರಿಗಳೆಲ್ಲ ಜಾರಿ ನಡುವೆ ಗುಡ್ಡೆ ಬೀಳುತ್ತವೆ, ತಾಯಿ ಎಲ್ಲಿ ಕಾಲಿಟ್ಟರೂ ಮರಿಯ ಮೇಲೆಯೇ. ಮೊಟ್ಟೆಗೆ ಆಳದ ಗೂಡು ಒಳ್ಳೆಯದು, ಮರಿಗೆ ಸಮತಟ್ಟು. ಎಲ್ಲ ಮರಿ ಹೊರಬಂದ ದಿನವೇ ಗೂಡು ಬದಲಿಸಿಬಿಡಿ. ಯಾರೋ ಪದೇಪದೇ ಬಂದು ಇಣುಕಿ, ಹೇಂಟೆ ಬೆಚ್ಚಿ ಏಳುತ್ತಿದ್ದರೂ ತುಳಿತ ಆಗುತ್ತದೆ. ಆ ಯಾರೋ ಹೆಚ್ಚಾಗಿ ನಾವೇ.

ಕಾಲಿಗೋ ಕುತ್ತಿಗೆಗೋ ಏನಾದರೂ ಸುತ್ತಿದೆಯಾ ಅಂತ ನೋಡಿ. ಉದ್ದನೆಯ ಹುಲ್ಲು, ಗೋಣಿಚೀಲದ ನಾರು, ಹಳೇ ಬಟ್ಟೆಯ ದಾರ ಇವೆಲ್ಲ ಗೂಡಿನಲ್ಲಿ ಇರಲೇಬಾರದು. ತಾಯಿ ಕೆದಕುವಾಗ ನೂಲು ಎಳೆಯಾಗಿ ಬಿಟ್ಟುಕೊಳ್ಳುತ್ತದೆ, ಮರಿ ಸುತ್ತಿ ಸುತ್ತಿ ಸಿಕ್ಕಿಹಾಕಿಕೊಳ್ಳುತ್ತದೆ. ಚಿಕ್ಕದಾಗಿ ಕತ್ತರಿಸಿದ ಹುಲ್ಲು ಅಥವಾ ಮರದ ಹೊಟ್ಟು ಸಾಕು.

ಮೈ ಒದ್ದೆಯಾಗಿದ್ದರೆ ನೀರಿನ ಬಟ್ಟಲೇ ಕಾರಣ. ಮರಿ ಮುಳುಗಲು ಎರಡು ಬೆರಳಿನ ಆಳವೂ ಬೇಕಾಗಿಲ್ಲ. ಬಟ್ಟಲಿನ ತುಂಬ ಕಲ್ಲು ಹಾಕಿ, ಕಲ್ಲುಗಳ ಸಂದಿಯಲ್ಲಿ ಮಾತ್ರ ನೀರು ಕಾಣುವ ಹಾಗೆ ಮಾಡಿ.

ಸತ್ತಿದೆ ಅಂದುಕೊಂಡ ಮರಿ ಎಲ್ಲ ಸಲವೂ ಸತ್ತಿರುವುದಿಲ್ಲ, ಇದು ನೆನಪಿರಲಿ. ತಣ್ಣಗಾಗಿ ಕೈಕಾಲು ಬಿಟ್ಟಿದ್ದರೂ ಕೊಕ್ಕು ಒಮ್ಮೆ ತೆರೆದು ಮುಚ್ಚಿದರೆ ಜೀವ ಇದೆ. ಒದ್ದೆ ಇದ್ದರೆ ಒರೆಸಿ, ಅಂಗಿಯೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಮೈ ಬೆಚ್ಚಗಾಗಿ ತಲೆ ಎತ್ತುವ ತನಕ ಬಾಯಿಗೆ ಏನೂ ಹಾಕಬೇಡಿ. ತಣ್ಣಗಿರುವ ಮರಿ ನುಂಗಲಾರದು, ನೀರು ಶ್ವಾಸಕ್ಕೆ ಹೋಗುತ್ತದೆ. ನಿಂತುಕೊಂಡ ಮೇಲೆ ಬೆಚ್ಚಗಿನ ಸಕ್ಕರೆ ನೀರಿಗೆ ಕೊಕ್ಕಿನ ತುದಿ ತಾಗಿಸಿದರೆ ತಾನೇ ಕುಡಿಯುತ್ತದೆ.

ತಾಯಿಯೇ ಕುಕ್ಕಿದರೆ

ಕುಕ್ಕುವುದರಲ್ಲೂ ಬಗೆ ಇದೆ. ಮರಿಯ ಕೊಕ್ಕಿಗೆ ಅಂಟಿದ ಕಾಳನ್ನು ಹೆಕ್ಕುವುದು, ತಲೆಯ ಮೇಲೆ ಮೆಲ್ಲಗೆ ತಟ್ಟಿ ಒಳಗೆ ತಳ್ಳುವುದು, ಇವು ಸರಿ. ಹಿಡಿದು ಎಸೆದರೆ, ಅಟ್ಟಿಸಿಕೊಂಡು ಹೋಗಿ ಕುಕ್ಕಿದರೆ, ತಲೆಯಲ್ಲಿ ರಕ್ತ ಕಂಡರೆ ಆ ಕ್ಷಣವೇ ಮರಿಯನ್ನು ತೆಗೆಯಿರಿ. ಇನ್ನೊಂದು ಚೂರು ನೋಡೋಣ ಅಂತ ಕಾಯುವ ವಿಷಯವಲ್ಲ.

ಮೊದಲ ಸಲ ತಾಯಿಯಾದ ಹೇಂಟೆ ಮೊದಲ ಮರಿಯ ಸದ್ದಿಗೆ ಗಾಬರಿಯಾಗಿ ಹೀಗೆ ಮಾಡಬಹುದು. ಗೂಡಿನ ಸುತ್ತ ಬೇರೆ ಕೋಳಿಗಳ ಗದ್ದಲ ಇದ್ದರೂ ಮಾಡಬಹುದು. ಆಗ ಒಣಗಿದ ಮರಿಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಗೂಡಿಗೆ ಕತ್ತಲೆ ಮಾಡಿ, ಎಲ್ಲ ಮೊಟ್ಟೆ ಒಡೆಯುವ ತನಕ ಹೇಂಟೆಯನ್ನು ಅದರ ಪಾಡಿಗೆ ಬಿಡಿ. ರಾತ್ರಿ ಒಂದೇ ಒಂದು ಮರಿಯನ್ನು ಹಿಂದಿನಿಂದ ಮೆಲ್ಲಗೆ ಕೆಳಗೆ ಸೇರಿಸಿ. ಸುಮ್ಮನಿದ್ದರೆ ಉಳಿದವನ್ನೂ ಸೇರಿಸಬಹುದು. ನಸುಕಿನಲ್ಲಿ ಬೆಳಕು ಹರಿಯುವ ಮುಂಚೆ ನೀವು ಅಲ್ಲಿರಬೇಕು, ಯಾಕೆಂದರೆ ಹೇಂಟೆ ಮರಿಯನ್ನು ಮೊದಲ ಸಲ ಕಣ್ಣಲ್ಲಿ ನೋಡುವುದು ಆಗ. ಎರಡು ರಾತ್ರಿ ಹೀಗೆ ಮಾಡಿಯೂ ಕುಕ್ಕಿದರೆ ನಾನು ಮೂರನೇ ಸಲ ಪ್ರಯತ್ನಿಸುವುದಿಲ್ಲ. ಮರಿಗಳು ಬಲ್ಬಿನ ಕೆಳಗೆ ಬೆಳೆಯಲಿ.

ಬೇರೆ ಕಡೆಯಿಂದ ತಂದ ಮರಿಯನ್ನು ಸೇರಿಸಲು ಹೋಗಿ ಕೆಟ್ಟರೆ ಎರಡು ಕಡೆ ಹುಡುಕಿ. ಹೇಂಟೆ ಕಾವಿಗೆ ಕೂತು ಎಷ್ಟು ದಿನವಾಗಿತ್ತು? ನಾಲ್ಕೈದು ದಿನ ಅಷ್ಟೇ ಕೂತಿದ್ದರೆ ಅದಕ್ಕೆ ಇನ್ನೂ ಮರಿಯ ಯೋಚನೆಯೇ ಇಲ್ಲ, ಎರಡು ಮೂರು ವಾರ ಕೂತಿರುವುದು ಒಳ್ಳೆಯದು. ಮರಿಗೆ ಎಷ್ಟು ದಿನವಾಗಿತ್ತು? ಒಂದೆರಡು ದಿನದ್ದು ಹೊಂದಿಕೊಳ್ಳುತ್ತದೆ. ವಾರದ ಮರಿಗೆ ಹೇಂಟೆಯೇ ಭೂತದ ಹಾಗೆ ಕಾಣುತ್ತದೆ, ಕರೆದಷ್ಟೂ ಓಡುತ್ತದೆ. ತಾಯಿ ಒಪ್ಪಿದರೂ ಮರಿ ಒಪ್ಪದ ಕೇಸು ಇದು. ಇದನ್ನು ಜನ ತಾಯಿಯ ತಲೆಗೆ ಕಟ್ಟುತ್ತಾರೆ.

ಚೆನ್ನಾಗಿದ್ದ ಹೇಂಟೆ ಹಠಾತ್ತನೆ ರಾತ್ರಿ ಮರಿಗಳ ಮೇಲೆ ಕೂರದೆ ಎದ್ದು ನಿಲ್ಲುತ್ತಿದ್ದರೆ? ಹೇನು ಅಥವಾ ನುಸಿ. ಮುಂದಿನ ಮಾತು ಅದರದ್ದೇ.

ಹೇನು, ನುಸಿ

ಮೂರು ವಾರ ಒಂದೇ ಕಡೆ ಕೂತ ಹೇಂಟೆ ಮಣ್ಣಿನಲ್ಲಿ ಹೊರಳುವುದು ಕಡಿಮೆ. ಹಾಗಾಗಿ ಹೇನು ಜಾಸ್ತಿಯಾಗುತ್ತದೆ, ಮರಿ ಹುಟ್ಟಿದ ಕೂಡಲೇ ಅದಕ್ಕೆ ದಾಟುತ್ತದೆ. ಹಗಲಿನಲ್ಲಿ ಹೇಂಟೆಯ ಹಿಂಭಾಗದ ಪುಕ್ಕ ಬಿಡಿಸಿ ನೋಡಿ. ಓಡುವ ಹುಳು, ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಂಡರೆ ಹೇನು. ಮರಿಯಲ್ಲಿ ಅದು ತಲೆ ಮತ್ತು ಕುತ್ತಿಗೆಯ ಮೇಲೆ ಇರುತ್ತದೆ. ಮರಿ ಚೆನ್ನಾಗಿ ತಿಂದೂ ಸೊರಗುತ್ತದೆ, ರೆಕ್ಕೆ ಜೋಲು ಬೀಳುತ್ತದೆ.

ಕೆಂಪು ನುಸಿ ಇನ್ನೂ ಕಳ್ಳ. ಹಗಲು ಹೇಂಟೆಯ ಮೈಮೇಲೆ ಒಂದೂ ಸಿಗುವುದಿಲ್ಲ, ಪೆಟ್ಟಿಗೆಯ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ಬಂದು ರಕ್ತ ಹೀರುತ್ತದೆ. ಹೇಂಟೆಯ ಜುಟ್ಟು ಬಿಳಿಚಿಕೊಂಡಿದ್ದರೆ, ರಾತ್ರಿ ಕೂರಲು ಒಲ್ಲೆ ಅಂದರೆ, ಕತ್ತಲಾದ ಮೇಲೆ ಬಿಳಿ ಕಾಗದದಿಂದ ಗೂಡಿನ ಸಂದಿಗಳನ್ನು ಒರೆಸಿ ನೋಡಿ. ಕಾಗದದ ಮೇಲೆ ಕೆಂಪು ಗೀರು ಮೂಡಿದರೆ ಗೂಡನ್ನೇ ಬದಲಿಸಬೇಕು. ಹೇಂಟೆಗೆ ಮಾತ್ರ ಪುಡಿ ಹಾಕಿ ಏನೂ ಪ್ರಯೋಜನವಿಲ್ಲ.

ಪುಡಿ ಹಾಕುವುದಾದರೆ ಮರಿ ಬರುವ ಕೆಲವು ದಿನ ಮುಂಚೆಯೇ ತಾಯಿಗೆ ಹಾಕಿ ಮುಗಿಸಿ. ಕೆಲವೇ ದಿನದ ಮರಿಗೆ ಹೇನಿನ ಪುಡಿ ಎರಚಬೇಡಿ.

ಹಿಂಭಾಗ, ಹೊಟ್ಟೆ, ಕಾಲು

ಹಿಕ್ಕೆ ಹಿಂಭಾಗಕ್ಕೆ ಮೆತ್ತಿ ಗಟ್ಟಿಯಾದರೆ ಮರಿಗೆ ಹಿಕ್ಕೆ ಹಾಕಲು ಆಗದೆ ಸಾಯಬಹುದು. ಹತ್ತಿಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ ನೆನೆಸಿ ತೆಗೆಯಿರಿ, ಕೀಳಬೇಡಿ. ಒಣಗಿಸಿ ತಾಯಿಯ ಕೆಳಗೆ ಬಿಡಿ. ಹೊಟ್ಟೆಯ ಮೇಲೆ ಇರುವ ಕಪ್ಪು ಚುಕ್ಕೆಯಂಥ ಒಣಗಿದ ಗಂಟು ಹೊಕ್ಕುಳು, ಅದನ್ನು ಮುಟ್ಟಬಾರದು. ಹೇಂಟೆಯ ಜೊತೆಗಿರುವ ಮರಿಗಳಲ್ಲಿ ಈ ಮೆತ್ತುವ ತೊಂದರೆ ಕಡಿಮೆ. ಹಲವು ಮರಿಗಳಲ್ಲಿ ಒಟ್ಟಿಗೆ ಕಂಡರೆ ಚಳಿ ಹಿಡಿದಿದೆ ಅಂತ ಅನುಮಾನಿಸಿ, ರಾತ್ರಿಯ ಟಾರ್ಚ್ ಪರೀಕ್ಷೆಗೆ ಮರಳಿ.

ಹೊಟ್ಟೆ ಊದಿ, ಮೆತ್ತಗಾಗಿ, ಹೊಕ್ಕುಳು ಒದ್ದೆಯಿದ್ದು ಕೆಟ್ಟ ವಾಸನೆ ಬಂದರೆ ಹೊಕ್ಕುಳಿನ ಸೋಂಕು. ಇದಕ್ಕೆ ಮನೆಯಲ್ಲಿ ಮಾಡುವಂಥದ್ದು ಬಹಳ ಇಲ್ಲ, ಹೆಚ್ಚಿನವು ಮೊದಲ ವಾರದಲ್ಲೇ ಹೋಗುತ್ತವೆ. ಮುಂದಿನ ಸಲ ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ಕಾವಿಗೆ ಇಡಬೇಡಿ. ಕಾವು ಕೂತ ಹೇಂಟೆ ದಿನಕ್ಕೊಮ್ಮೆ ಎದ್ದು ಹೊರಗೆ ದೊಡ್ಡ, ನಾರುವ ಹಿಕ್ಕೆ ಹಾಕುತ್ತದೆ. ಏಳದೆ ಗೂಡಿನಲ್ಲೇ ಹಾಕಿದರೆ ಮೊಟ್ಟೆ ಒಡೆಯುವ ಮುಂಚೆ ಕೆಳಗಿನ ಹೊಟ್ಟು ಬದಲಿಸಿ.

ಕಾಲು ಎರಡೂ ಪಕ್ಕಕ್ಕೆ ಜಾರಿ ಮರಿ ಹೊಟ್ಟೆಯ ಮೇಲೆ ಕೂತರೆ ನೆಲ ನುಣುಪಾಗಿದೆ ಅಂತ ಲೆಕ್ಕ. ಪೇಪರ್ ಹಾಸಿದ್ದರೆ ತೆಗೆಯಿರಿ. ಮೆತ್ತನೆಯ ಪಟ್ಟಿಯಿಂದ ಎರಡೂ ಕಾಲುಗಳನ್ನು, ಮರಿ ಸಹಜವಾಗಿ ನಿಲ್ಲುವಷ್ಟು ಅಂತರ ಬಿಟ್ಟು ಕಟ್ಟಿ. ಹುಟ್ಟಿದ ಒಂದೆರಡು ದಿನದಲ್ಲೇ ಮಾಡಿದರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ವಾರ ಬಿಟ್ಟು ಮಾಡಿದರೆ ಕಷ್ಟ. ಕಟ್ಟಿದ ಮರಿ ತಾಯಿಯ ಹಿಂದೆ ಓಡಲಾರದು, ಆ ದಿನಗಳಲ್ಲಿ ಇಡೀ ಸಂಸಾರವನ್ನು ಚಿಕ್ಕ ಜಾಗದಲ್ಲಿ ಇಡಿ. ಬೆರಳುಗಳು ಮುಷ್ಟಿಯ ಹಾಗೆ ಒಳಕ್ಕೆ ಮಡಚಿದ್ದರೆ ಅದು ಬೇರೆ, ಬಿ2 ವಿಟಮಿನ್ ಕೊರತೆ ಇರಬಹುದು. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಮಲಗುವುದು ಮಾರೆಕ್ಸ್ ರೋಗದ ಗುರುತು. ಆದರೆ ಅದು ವಾರದ ಮರಿಯಲ್ಲಿ ಕಾಣುವುದಿಲ್ಲ, ಬೆಳೆದ ಮರಿಗಳಲ್ಲಿ ಕಾಣುತ್ತದೆ. ವಾರದ ಮರಿ ಹಾಗೆ ಬಿದ್ದಿದ್ದರೆ ತುಳಿತದ ಪೆಟ್ಟು ಅಂತ ಹುಡುಕಿ.

ಆಹಾರದ ಒಂದು ತಪ್ಪು

ತಾಯಿಗೆ ಹಾಕುವ ಮೊಟ್ಟೆ ಕೋಳಿಯ ಆಹಾರವನ್ನೇ ಮರಿಗಳೂ ತಿನ್ನುತ್ತಿವೆಯಾ? ಲೇಯರ್ ಆಹಾರದಲ್ಲಿ ಸುಮಾರು 4% ಕ್ಯಾಲ್ಸಿಯಂ ಇರುತ್ತದೆ. ಮರಿಗೆ ಬೇಕಿರುವುದು 1% ಆಸುಪಾಸು. ಹೆಚ್ಚಾದದ್ದು ಮೂತ್ರಪಿಂಡಕ್ಕೆ ಹೊಡೆತ. ಎರಡು ಬೇರೆ ಬೇರೆ ತಟ್ಟೆ ಇಟ್ಟು ಕಾಯಲು ಯಾರಿಂದಲೂ ಆಗುವುದಿಲ್ಲ, ನಾನು ನೋಡಿದ್ದೇನೆ. ಸುಲಭದ ದಾರಿ ಅಂದರೆ ತಾಯಿಗೂ ಮರಿಗಳ ಸ್ಟಾರ್ಟರ್ ಆಹಾರವನ್ನೇ ಹಾಕುವುದು. ಮರಿ ಸಾಕುವ ಹೇಂಟೆ ಮೊಟ್ಟೆ ಇಡುತ್ತಿರುವುದಿಲ್ಲ, ಅದಕ್ಕೆ ಆ ಕ್ಯಾಲ್ಸಿಯಂ ಬೇಕಿಲ್ಲ. 18ರಿಂದ 20% ಪ್ರೋಟೀನ್ ಇರುವ ಆ ಆಹಾರ ಮೂರು ವಾರ ಅರೆಹೊಟ್ಟೆಯಲ್ಲಿ ಕೂತ ತಾಯಿಗೂ ಒಳ್ಳೆಯದೇ.

ಮೂರನೇ ವಾರದ ನಂತರ ಮುದುಡಿ ನಿಂತ ಮರಿ

ಕಣ್ಣು ಮುಚ್ಚಿ, ಪುಕ್ಕ ಉಬ್ಬಿಸಿ, ಗುಂಪಿನಿಂದ ದೂರ ನಿಂತಿದೆ. ಹಿಕ್ಕೆಯಲ್ಲಿ ರಕ್ತ. ಇದು ಕಾಕ್ಸಿಡಿಯೋಸಿಸ್ ಅನ್ನುವ ರಕ್ತಭೇದಿ ಇರಬಹುದು. ಹಿಕ್ಕೆಯಲ್ಲಿ ಬೀಳುವ, ಈ ರೋಗ ತರುವ ಜೀವಿಯ ಕಣ್ಣಿಗೆ ಕಾಣದ ಮೊಟ್ಟೆಗಳು ಒದ್ದೆ ಮತ್ತು ಶೆಕೆ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕು ಹರಡಲು ತಯಾರಾಗುತ್ತವೆ. ನೀರಿನ ಬಟ್ಟಲಿನ ಸುತ್ತಲಿನ ಒದ್ದೆ ಹೊಟ್ಟೇ ಅದರ ತವರು. ಮೊದಲ ಕೆಲಸ ಆ ಜಾಗ ಒಣಗಿಸುವುದು, ಎರಡನೆಯದು ಆಂಪ್ರೋಲಿಯಮ್ ಔಷಧವನ್ನು ಡಬ್ಬಿಯ ಮೇಲಿನ ಪ್ರಮಾಣದಂತೆ ಕುಡಿಯುವ ನೀರಿಗೆ ಬೆರೆಸುವುದು. ಕಾಯಿಲೆಯ ಮರಿಗೆ ಮಾತ್ರ ಅಲ್ಲ, ಎಲ್ಲಕ್ಕೂ. ಆ ದಿನಗಳಲ್ಲಿ ಬೇರೆ ನೀರು ಸಿಗಬಾರದು, ಬಿ1 ವಿಟಮಿನ್ ಕೊಡಬಾರದು, ಏಕೆಂದರೆ ಔಷಧ ಕೆಲಸ ಮಾಡುವುದೇ ಆ ಜೀವಿಗೆ ಬಿ1 ಸಿಗದಂತೆ ತಡೆದು. ಕೆಲವು ಸ್ಟಾರ್ಟರ್ ಆಹಾರದಲ್ಲಿ ಇದರ ಔಷಧ ಮೊದಲೇ ಬೆರೆತಿರುತ್ತದೆ, ಚೀಲದ ಚೀಟಿ ಓದಿ.

ಆದರೆ ಕೆಂಪು ಕಂಡದ್ದೆಲ್ಲ ರಕ್ತಭೇದಿ ಅಲ್ಲ. ಆರೋಗ್ಯವಂತ ಮರಿಯೂ ಆಗಾಗ ಕಂದು ಬಣ್ಣದ, ಅಂಟಂಟಾದ, ನಾರುವ ಹಿಕ್ಕೆ ಹಾಕುತ್ತದೆ. ಕರುಳಿನ ಒಳಪೊರೆ ಕಿತ್ತಳೆ ಕೆಂಪಿನ ಎಳೆಯಾಗಿ ಬೀಳುವುದೂ ಉಂಟು. ಮರಿ ಓಡಾಡಿ ತಿನ್ನುತ್ತಿದ್ದರೆ ಒಂದು ದಿನ ಕಾಯಬಹುದು. ಮುದುಡಿ ನಿಂತಿದ್ದರೆ ಕಾಯಬೇಡಿ.

ಮರಿ, ದೊಡ್ಡ ಕೋಳಿ ಎನ್ನದೆ ಹಲವು ಒಟ್ಟಿಗೆ ಬಿದ್ದರೆ, ಹಸಿರು ಭೇದಿ, ಕುತ್ತಿಗೆ ತಿರುಚುವುದು, ಉಸಿರಿಗೆ ಒದ್ದಾಟ ಕಂಡರೆ ಕೊಕ್ಕರೆ ರೋಗದಂಥ (ರಾಣಿಖೇತ್ ಅಂತಲೂ ಕರೆಯುತ್ತಾರೆ) ಬೇಗ ಹರಡುವ ರೋಗ ಇರಬಹುದು. ಅಲ್ಲಿಗೆ ಈ ಬರಹದ ಕೆಲಸ ಮುಗಿಯಿತು, ಪಶುವೈದ್ಯರನ್ನು ಕರೆಯಿರಿ. ಸತ್ತದ್ದನ್ನು ಬಯಲಿಗೆ ಎಸೆಯಬೇಡಿ.

ಬಾಯಿ ತೆರೆದು ಉಸಿರಾಡುತ್ತಿದ್ದರೆ

ಎಲ್ಲವೂ ಬಾಯಿ ತೆರೆದಿವೆ, ರೆಕ್ಕೆ ಮೈಯಿಂದ ದೂರ ಹಿಡಿದಿವೆ, ನೆರಳಿಗೆ ಹೋದರೆ ಸರಿಹೋಗುತ್ತವೆ ಅಂದರೆ ಬಿಸಿಲು. ಒಂದೆರಡು ಮಾತ್ರ, ತಂಪು ಹೊತ್ತಿನಲ್ಲೂ, ಕತ್ತು ಮೇಲಕ್ಕೆ ಚಾಚಿ ತಲೆ ಕೊಡವುತ್ತವೆ ಅಂದರೆ ಶ್ವಾಸನಾಳದ ಹುಳು ಇರಬಹುದು. ಎರೆಹುಳು, ಬಸವನಹುಳು ತಿನ್ನುವ ಮರಿಗಳಿಗೆ ಇದು ಬರುತ್ತದೆ. ಹುಳುವಿನ ಔಷಧವನ್ನು ಮರಿಯ ತೂಕ ನೋಡಿಯೇ ಕೊಡಬೇಕು, ಅಂದಾಜಿಗಲ್ಲ.

ಲೆಕ್ಕ ತಪ್ಪಿದರೆ

ಸಂಜೆ ಎಣಿಸಿ, ಬೆಳಿಗ್ಗೆ ಎಣಿಸಿ. ಹಗಲಲ್ಲಿ ಕಡಿಮೆಯಾದರೆ ಹದ್ದು, ಕಾಗೆ, ಬೆಕ್ಕು. ರಾತ್ರಿ ಒಂದೊಂದೇ ಗುರುತಿಲ್ಲದೆ ಮಾಯವಾದರೆ ಹಾವು ಅಥವಾ ಇಲಿ. ಇಲಿ ಮರಿಯನ್ನು ಬಿಲಕ್ಕೆ ಎಳೆದುಕೊಂಡು ಹೋಗುತ್ತದೆ, ಗೂಡಿನ ಮೂಲೆಯಲ್ಲಿ ಹೊಸ ಮಣ್ಣು ಬಿದ್ದಿದೆಯಾ ನೋಡಿ. ಕೋಳಿ ಒಳಗೇ ಇರುವಂತೆ ಹಾಕುವ ದೊಡ್ಡ ಕಣ್ಣಿನ ಜಾಲರಿ ಇದಕ್ಕೆಲ್ಲ ಲೆಕ್ಕವೇ ಅಲ್ಲ. ಬೆರಳು ತೂರದ ಸಣ್ಣ ಕಣ್ಣಿನ ಜಾಲರಿ ಬೇಕು, ನೆಲಕ್ಕೂ ಸೇರಿಸಿ. ಬೇರೆ ಹೇಂಟೆಗಳು ಕುಕ್ಕಿ ಕೊಲ್ಲುವುದೂ ಇದೆ. ಮೊದಲೆರಡು ವಾರ ಒಂದನ್ನೊಂದು ನೋಡಬಹುದು, ಮುಟ್ಟಲಾಗದು ಅನ್ನುವ ಹಾಗೆ ನಡುವೆ ಜಾಲರಿ ಹಾಕಿದರೆ ಸಾಕು.

ಕೊನೆಗೆ, ದೋಷವೇ ಅಲ್ಲದ ಒಂದು ದೂರು. ಐದಾರು ವಾರ ಎದೆಗವಚಿಕೊಂಡು ಸಾಕಿದ ಹೇಂಟೆ ಒಂದು ದಿನ ಮರಿಗಳನ್ನು ಕುಕ್ಕಿ ಓಡಿಸಲು ಶುರು ಮಾಡುತ್ತದೆ. ರಾತ್ರಿ ಮೇಲಿನ ಕೋಲು ಹತ್ತಿ ಕೂರುತ್ತದೆ, ಮರಿಗಳು ಕೆಳಗೆ ಕೂಗುತ್ತವೆ. ಮೈತುಂಬ ಪುಕ್ಕ ಬಂದಿದ್ದರೆ ಗಾಬರಿ ಬೇಡ, ಹೇಂಟೆ ಮತ್ತೆ ಮೊಟ್ಟೆ ಇಡಲು ತಯಾರಾಗುತ್ತಿದೆ. ಪುಕ್ಕ ಇನ್ನೂ ಪೂರ್ತಿ ಬಂದಿಲ್ಲದ ಮೂರ್ನಾಲ್ಕು ವಾರಕ್ಕೇ ಹೀಗೆ ಮಾಡಿದರೆ ರಾತ್ರಿ ಆ ಮರಿಗಳಿಗೆ ಬಲ್ಬ್ ಹಾಕಿ, ಟಾರ್ಚ್ ಹಿಡಿದು ಒಮ್ಮೆ ನೋಡಿ ಬನ್ನಿ.